ಅತ್ತಿಗೆಯ ಕೈಗುಣ

ನಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ಕೆಲಸ ನನ್ನ ಗಂಡನದು. ಇದರ ಹಿಂದೆ ಸಮಾನತೆಯ ಘನವಾದ ತತ್ತ್ವವೇನೋ ಇದೆಯೆಂದು ಹಿಗ್ಗಬೇಡಿ. ನಾನು ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಹುಳಿ ಬಂದು ಲೋಳೆಲೋಳೆಯಾಗಿರುತ್ತದೆ. ಅವರು ಹಾಕಿದರೆ ಅದೇ ಹಾಲು, ಅದೇ ಹೆಪ್ಪು, ಅದೇ ಪಾತ್ರೆಯಲ್ಲಿ ಗಟ್ಟಿ ಮೊಸರಾಗಿ ಸೌಟಿಗೆ ಹೋಳುಹೋಳಾಗಿ ಏಳುತ್ತದೆ. ಹಾಲು ಎಷ್ಟು ಬೆಚ್ಚಗಿರಬೇಕು, ಹೆಪ್ಪು ಎಷ್ಟು ಬೇಕು, ಚಳಿಗಾಲದಲ್ಲಿ ಪಾತ್ರೆಯನ್ನು ಎಲ್ಲಿಡಬೇಕು ಎಂಬ ಕಾರಣಗಳೆಲ್ಲ ನನಗೂ ಗೊತ್ತು. ಕೊಳ್ಳೇಗಾಲದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು ನಾನು. ಕಾರಣ ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುತ್ತೇನೆ. ಆದರೂ ಸಂಜೆ ಹಾಲಿನ ಮುಂದೆ ನಿಂತಾಗ, "ನಿನ್ ಕೈ ಬ್ಯಾಡ ತಾಯಿ, ಈ ಕಡೆ ಬಾ" ಎಂದು ಅವರು ಚಮಚ ಕಸಿದುಕೊಂಡರೆ ನನಗೆ ಅವಮಾನವಾಗುವ ಬದಲು ಹಾಯೆನಿಸುತ್ತದೆ. ಯಾಕೆ ಹಾಯೆನಿಸಬೇಕು ಎಂದು ಬಹಳ ದಿನ ಯೋಚಿಸಿದ್ದೇನೆ.

ಕೈಗುಣ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕೊಳ್ಳೇಗಾಲ, ಯಳಂದೂರು, ಹನೂರಿನ ಕಡೆಯ ನಮಗೆ ಅದು ಬರೀ ಮಾತಲ್ಲ, ಮನುಷ್ಯರನ್ನು ಅಳೆಯುವ ಒಂದು ಮಾಪು. ಉಪ್ಪಿನಕಾಯಿಯನ್ನು ಯಾರು ಕಲಸಿದರೆ ಬೂಷ್ಟು ಬರುವುದಿಲ್ಲ, ಸಸಿಯನ್ನು ಯಾರು ನೆಟ್ಟರೆ ಚಿಗುರುತ್ತದೆ, ಒದೆಯುವ ಹಸು ಯಾರು ಕೂತರೆ ಸುಮ್ಮನೆ ಹಾಲು ಬಿಡುತ್ತದೆ, ಯಾವ ಡಾಕ್ಟರು ನಾಡಿ ಹಿಡಿದರೆ ಜ್ವರ ಇಳಿಯುತ್ತದೆ, ಎಲ್ಲವೂ ಕೈಗುಣದ ಮೇಲೆಯೇ. ಒಳ್ಳೆಯ ಕೈಗುಣದ ಡಾಕ್ಟರು ಎಷ್ಟು ಓದಿದ್ದಾರೆಂದು ಯಾರೂ ಕೇಳುವುದಿಲ್ಲ. ಅದಿಲ್ಲದವರು ಗೋಡೆಯ ತುಂಬ ಸರ್ಟಿಫಿಕೇಟು ತೂಗುಹಾಕಿದರೂ ಅವರ ಬೆಂಚು ಖಾಲಿ. ಇದರಲ್ಲಿ ಒಂದು ಸೊಗಸಿದೆ, ಗಮನಿಸಿ. ಕೈಗುಣ ಇಲ್ಲದವರನ್ನು ಯಾರೂ ಬೈಯುವುದಿಲ್ಲ. ಅದು ಅವರ ತಪ್ಪಲ್ಲ, ಸೋಮಾರಿತನವಲ್ಲ, ಅಜಾಗರೂಕತೆಯೂ ಅಲ್ಲ. ಅವರ ಕೈ ಹಾಗೆ, ಅಷ್ಟೆ. ಗುಂಗುರು ಕೂದಲಿನ ಹಾಗೆ ಅದೂ ಹುಟ್ಟಿನ ಜೊತೆಗೇ ಬಂದದ್ದು ಎಂದು ಊರು ತೀರ್ಮಾನಿಸಿ ಮುಂದಕ್ಕೆ ಹೋಗುತ್ತದೆ.

ಕಳೆದ ವರ್ಷ ನಾನು ತರಗತಿಯಲ್ಲಿ ವ್ಯಕ್ತಿತ್ವದ ಪಾಠ ಮಾಡುತ್ತಿದ್ದೆ. ಅದರಲ್ಲಿ ನನಗೆ ಬಲು ಇಷ್ಟವಾದ ಎರಡು ಅಧ್ಯಾಯಗಳಿವೆ. ಒಂದು ಮಾನವತಾವಾದಿಗಳದು. ಬೆಳೆಯುವ ಹಂಬಲ ಪ್ರತಿಯೊಬ್ಬರ ಒಳಗೂ ಹುಟ್ಟಿನಿಂದಲೇ ಇದೆ; ನಮ್ಮನ್ನು ಇದ್ದ ಹಾಗೆ, ಷರತ್ತು ಹಾಕದೆ ಒಪ್ಪಿಕೊಳ್ಳುವ ಒಬ್ಬರು ಸಿಕ್ಕಿದರೆ ನಾವು ನಮ್ಮ ಪೂರ್ತಿ ಎತ್ತರಕ್ಕೆ ಬೆಳೆಯುತ್ತೇವೆ ಎನ್ನುತ್ತದೆ ಅದು. ಇನ್ನೊಂದರ ಹೆಸರು ಸಾಮಾಜಿಕ ಸಂಜ್ಞಾನಾತ್ಮಕ ದೃಷ್ಟಿ. ಹೆಸರು ಹೇಳುವಷ್ಟರಲ್ಲಿ ನಾಲಿಗೆ ತೊಡರಿದರೂ ವಿಷಯ ಸರಳ. ನಾವು ಮಾಡುವ ಕೆಲಸ, ನಮ್ಮ ಬಗ್ಗೆ ನಾವು ನಂಬಿರುವುದು, ಸುತ್ತಲಿನ ಜನ ಮತ್ತು ಸನ್ನಿವೇಶ, ಈ ಮೂರೂ ಒಂದನ್ನೊಂದು ತಿದ್ದುತ್ತ, ಒಮ್ಮೊಮ್ಮೆ ಕೆಡಿಸುತ್ತ ಹೋಗುತ್ತವೆ. ‘ಇದು ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಹುಟ್ಟುಗುಣವಲ್ಲ. ಚಿಕ್ಕದನ್ನು ಮಾಡಿ ಗೆದ್ದರೆ, ನಮ್ಮಂಥವರು ಮಾಡುವುದನ್ನು ಕಂಡರೆ, ನಮ್ಮವರು ಧೈರ್ಯ ಹೇಳಿದರೆ ಅದು ಬೆಳೆಯುತ್ತದೆ. ಹಾಗಲ್ಲದಿದ್ದರೆ ಒಣಗುತ್ತದೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹನೂರಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಕೈಗುಣ ಯಾವ ಚಾಪ್ಟರ್‌ನಲ್ಲಿ ಬತ್ತದೆ?"

ತರಗತಿಯೆಲ್ಲ ನಕ್ಕಿತು. ಅದು ಪರೀಕ್ಷೆಗೆ ಬರುವುದಿಲ್ಲವೆಂದು ನಾನೂ ನಕ್ಕು ಜಾರಿಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ. "ಪರೀಕ್ಸೆಗೆ ಬರ್ದೆ ಇರ್ಬೋದು ಮೇಡಂ, ವಾರ್ಡಿಗೆ ಬತ್ತದಲ್ಲ. ನಾನು ಸೂಜಿ ಆಕಕ್ಕೋದ್ರೆ ಅಜ್ಜೀರು ಮೊದ್ಲು ನನ್ ಕೈ ನೋಡ್ತರೆ."

ಆ ಪ್ರಶ್ನೆಯನ್ನು ಚೀಲದಲ್ಲಿ ಹಾಕಿಕೊಂಡೇ ನಾನು ರಜೆಗೆ ತವರಿಗೆ ಹೊರಟೆ. ನನ್ನ ತವರು ಯಳಂದೂರಿನ ಮಗ್ಗುಲಿನ ಮಾಂಬಳ್ಳಿ. ಅಲ್ಲಿ ಅವ್ವ ಇದ್ದಾಳೆ, ರೇಷ್ಮೆಹುಳು ಸಾಕುವ ಅಣ್ಣ ಇದ್ದಾನೆ, ಅಣ್ಣನ ಹೆಂಡತಿ ಮಾದೇವಿ ಅತ್ತಿಗೆ ಇದ್ದಾಳೆ. ಬಸ್ಸಿನ ಕಿಟಕಿಯ ಪಕ್ಕ ಕೂತು ಕೈಗುಣ, ಕೈಗುಣ ಎಂದು ಯೋಚಿಸುತ್ತಿದ್ದವಳಿಗೆ ಕಣ್ಣೆದುರಿಗೆ ಬಂದವಳು ಅತ್ತಿಗೆಯೇ.

ಅತ್ತಿಗೆ ಹನೂರಿನ ಆಚೆಯ ರಾಗಿ ಹೊಲದ ಊರಿನವಳು. ಮದುವೆಯಾಗಿ ಬರುವವರೆಗೂ ರೇಷ್ಮೆಹುಳುವನ್ನು ಕಣ್ಣಿಂದ ಕಂಡವಳಲ್ಲ. ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು: ಎಳೆಯ ಹುಳುಗಳನ್ನು ತಂದ ದಿನ ಅವುಗಳಿಗೆ ಮೊದಲ ಸೊಪ್ಪನ್ನು ಒಳ್ಳೆಯ ಕೈಗುಣದವರೇ ಹಾಕಬೇಕು. ಊರಿಗೇ ಹೆಸರಾದ ಕೈ ಅವ್ವನದು. ಆ ಸಲ ಅವ್ವನೇ ಸರಿದು ನಿಂತು, ಮನೆಗೆ ಲಕ್ಷ್ಮಿ ಬಂದಿದ್ದಾಳೆಂದು ಹೊಸ ಸೊಸೆಯ ಕೈಯಲ್ಲಿ ಹಾಕಿಸಿದಳು. ಹುಳುಗಳು ಚೆನ್ನಾಗಿಯೇ ಬೆಳೆದವು. ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಸುಣ್ಣಕಟ್ಟು ರೋಗ ಬಿದ್ದು, ತಟ್ಟೆಗಟ್ಟಲೆ ಹುಳು ಸೀಮೆಸುಣ್ಣದ ತುಂಡುಗಳ ಹಾಗೆ ಬಿಳಿಚಿ ಸೆಟೆದು ಸತ್ತುಹೋದವು. ಮನೆಯಲ್ಲಿ ಯಾರೂ ಸೊಸೆಯ ಮೇಲೆ ರೇಗಲಿಲ್ಲ. ಅವ್ವ ಅವಳ ತಲೆ ಸವರಿ ಒಂದೇ ಮಾತು ಹೇಳಿದಳಂತೆ: "ಬುಡು ಕಣಮ್ಮಿ. ನಿನ್ ಕೈಗೆ ಉಳ ಆಗ್ಬರದಿಲ್ಲ."

ಅಂದಿನಿಂದ ಅತ್ತಿಗೆ ಹುಳದ ಮನೆಯ ಹೊಸಿಲು ದಾಟಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ತಂದು ಬಾಗಿಲ ಹೊರಗೆ ಇಳಿಸಿ ಹೋಗುತ್ತಿದ್ದಳು. ಅಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಹುಳಕ್ಕೆ ಆಗಿ ಬರದ ಕೈ ಬರಬರುತ್ತ ಉಪ್ಪಿನಕಾಯಿಗೂ ಬರಲಿಲ್ಲ, ಆಮೇಲೆ ಸಸಿಗೂ ಬರಲಿಲ್ಲ. ಕೊನೆಗೆ ಹೊಸದಾಗಿ ಶುರುವಾಗುವ ಯಾವುದಕ್ಕೂ ಬರಲಿಲ್ಲ. ಹೊಸ ಒಲೆ ಹಚ್ಚುವುದಿರಲಿ, ಹೊಸ ಮಡಕೆಗೆ ನೀರು ತುಂಬುವುದಿರಲಿ, "ನನ್ ಕೈ ಬ್ಯಾಡ" ಎಂದು ನಗುತ್ತಲೇ ಹಿಂದೆ ಸರಿಯುವಳು. ದಿನಾ ನಡೆಯುವ ಕೆಲಸವನ್ನೆಲ್ಲ ಅದೇ ಕೈ ಮಾಡುತ್ತಿತ್ತು. ಅಡಿಗೆ ಅವಳದೇ, ದನ ಅವಳದೇ, ನೆಂಟರಿಷ್ಟರ ಉಪಚಾರವೂ ಅವಳದೇ. ಆರಂಭಗಳಿಗೆ ಮಾತ್ರ ಅವಳು ಇರಲಿಲ್ಲ. ಯಾರೋ ಒಮ್ಮೆ ಆಡಿದ ಮಾತು ಒಬ್ಬರೊಳಗೆ ಹೀಗೆ ಕೊಠಡಿಯಿಂದ ಕೊಠಡಿಗೆ ನಡೆದುಹೋಗುವುದನ್ನು ನೋಡುವಾಗ ನನಗೆ ದುಃಖಕ್ಕಿಂತ ಮೊದಲು ಬೆರಗಾಗುತ್ತದೆ. ಹೆಪ್ಪಿನ ಪಾತ್ರೆಯ ಮುಂದೆ ನನಗೆ ಸಿಗುವ ಹಾಯಿಯಂಥದೇ ಅವಳಿಗೂ ಸಿಕ್ಕಿತ್ತೇನೋ. ಮಾಡದಿದ್ದರೆ ಕೆಡಿಸುವ ಭಯವೂ ಇಲ್ಲವಲ್ಲ.

ನಾನು ಹೋದಾಗ ಮನೆಯಲ್ಲಿ ಬಾಣಂತಿಯಿದ್ದಳು. ಅಣ್ಣ ಅತ್ತಿಗೆಯ ಒಬ್ಬಳೇ ಮಗಳು ರೂಪಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಹೆಣ್ಣು ಕೂಸು ಹೆತ್ತಿದ್ದಳು. ಕೂಸಿಗೆ ಆಗ ಮೂರನೇ ತಿಂಗಳು ನಡೆಯುತ್ತಿತ್ತು. ಕೂಸಿಗೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯುವ ಕೆಲಸ ನಮ್ಮಲ್ಲಿ ಅಜ್ಜಿಯರದು. ಅತ್ತಿಗೆಯೇ ಅಜ್ಜಿ, ಆದರೆ ಮೊದಲ ದಿನದಿಂದಲೂ "ನನ್ ಕೈ ಬ್ಯಾಡ" ಎಂದು ಅವಳು ಸರಿದಿದ್ದರಿಂದ ಮುತ್ತಜ್ಜಿಯಾದ ಅವ್ವನೇ ಹುಯ್ಯುತ್ತಿದ್ದಳು. ನಾನು ಹೋಗುವ ಹಿಂದಿನ ದಿನ ಅವ್ವ ಹಿತ್ತಲಲ್ಲಿ ಬಿದ್ದಿದ್ದ ಸೊಪ್ಪಿನ ಕಡ್ಡಿಗಳ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ರೂಪಾಳದು ಆಪರೇಷನ್ ಆದ ಹೊಟ್ಟೆ, ಬಗ್ಗಿ ಕೂರುವಂತಿಲ್ಲ. ಹಿಂದೆ ಮನೆಮನೆಗೆ ಹೋಗಿ ಕೂಸುಗಳಿಗೆ ನೀರು ಹುಯ್ಯುತ್ತಿದ್ದವರು ಈಗ ಬೀದಿಯಲ್ಲಿ ಯಾರೂ ಉಳಿದಿಲ್ಲ. ನಾನು ರಜೆ ಮುಗಿದೊಡನೆ ಹೊರಡುವವಳು. ಉಳಿದದ್ದು ಅತ್ತಿಗೆಯ ಕೈ. ಅದು ಸೆರಗಿನ ತುದಿಯನ್ನು ಹಿಂಡುತ್ತ ಕೂತಿತ್ತು.

ನನಗೆ ಎಂಥ ಹುರುಪು ಬಂತೆಂದರೆ, ನೀವು ನಗುತ್ತೀರಿ. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಪರೀಕ್ಷಿಸುವ ಅವಕಾಶ ಮನೆಯ ಜಗಲಿಯ ಮೇಲೇ ಸಿಕ್ಕಿತ್ತು. ಮೊದಲು ಮಾನವತಾವಾದಿಗಳ ಅಧ್ಯಾಯ. ಅವರೆಕಾಯಿ ಸುಲಿಯುತ್ತ ಅತ್ತಿಗೆಯ ಪಕ್ಕ ಕೂತೆ. ಬುದ್ಧಿ ಹೇಳಬಾರದು, ತೀರ್ಪು ಕೊಡಬಾರದು, ಎದುರಿನವರ ಭಾವವನ್ನು ಅವರಿಗೇ ಕನ್ನಡಿಯಲ್ಲಿ ತೋರಿಸಿದ ಹಾಗೆ ಮೆಲ್ಲಗೆ ಮರಳಿ ಹೇಳಬೇಕು. ನನ್ನ ವಿದ್ಯಾರ್ಥಿನಿಯರಿಗೆ ನಾನು ಕಲಿಸುವುದು ಹಾಗೆ. "ಭಯ ಆಯ್ತದೆ ಕಣ ಸುಮಾ" ಎಂದಳು ಅತ್ತಿಗೆ. "ನಿಂಗೆ ಭಯ ಆಯ್ತದೆ, ಅಲ್ವಾ ಅತ್ಗೆ" ಎಂದೆ. ಅವಳು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಅದ್ನೇ ಕಣವ್ವ ನಾನ್ ಏಳಿದ್ದು. ಕಿವಿ ಕೇಳದಿಲ್ವಾ ನಿಂಗೆ?" ಒಳಗಿಂದ ರೂಪಾ ಹೊಟ್ಟೆ ಹಿಡಿದುಕೊಂಡು, ಹೊಲಿಗೆ ನೋಯುವಷ್ಟು ನಕ್ಕಳು.

ಹಾಗಾಗಿ ಎರಡನೆಯ ಅಧ್ಯಾಯಕ್ಕೆ ಬಂದೆ. ಅದರ ಪ್ರಕಾರ ಗುಡ್ಡವನ್ನು ಒಂದೇ ಸಲ ಹತ್ತಿಸಬಾರದು, ಮೆಟ್ಟಿಲು ಕಡಿಯಬೇಕು. ಮೊದಲ ದಿನ ಅತ್ತಿಗೆ ನೀರು ಹದ ಮಾಡಿದಳು, ಅಷ್ಟೆ. ಅವ್ವ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಪಕ್ಕದಲ್ಲಿ ಕೂತು ಹೇಳಿದಂತೆ ನಾನು ಕೂಸಿಗೆ ಸ್ನಾನ ಮಾಡಿಸಿದೆ. ಮರುದಿನ ಅತ್ತಿಗೆ ಕೂಸಿನ ಅಂಗಾಲಿಗೆ ಎಣ್ಣೆ ಹಚ್ಚಿದಳು. ಆಮೇಲೆ ನನ್ನ ಕಾಲ ಮೇಲಿದ್ದ ಕೂಸಿಗೆ ಅವಳು ನೀರು ಹುಯ್ದಳು. ಕೊನೆಗೊಂದು ಬೆಳಿಗ್ಗೆ ನಾನು ಮಣೆಯಿಂದ ಎದ್ದೆ, ಅವಳು ಕೂತಳು. ಕೂಸು ಮೊದಲು ಕಿರುಚಿ, ಆಮೇಲೆ ನೀರಿನ ಬಿಸಿಗೆ ಮೈಬಿಟ್ಟು, ಅಜ್ಜಿಯ ಮೊಣಕಾಲಿನ ಮೇಲೆ ಕೆನ್ನೆಯಿಟ್ಟುಕೊಂಡು ಸುಮ್ಮನಾಯಿತು. ಸಾಂಬ್ರಾಣಿ ಹೊಗೆ ಹಿಡಿಯುವಷ್ಟರಲ್ಲೇ ನಿದ್ದೆ. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ನೋಡ್ದಾ ಅತ್ಗೆ, ನಿನ್ ಕೈ ಎಂಗದೆ?" ಎಂದು ಕೇಳಿದೆ.

"ಕೂಸು ಒಳ್ಳೇದು ಕಣ, ತಡ್ಕಂತು" ಎಂದಳು. ಮರುದಿನ ಎಣ್ಣೆ ಒಳ್ಳೆಯದಿತ್ತು. ಅದರ ಮರುದಿನ ಬಿಸಿಲು ಒಳ್ಳೆಯದಿತ್ತು. ಮನಸ್ಸೆಂಬ ನ್ಯಾಯಾಧೀಶನ ಈ ವಿಚಿತ್ರವನ್ನು ಎಷ್ಟು ನೋಡಿದರೂ ನನಗೆ ದಣಿವಾಗುವುದಿಲ್ಲ. ಗೆದ್ದದ್ದನ್ನೆಲ್ಲ ಅವನು ಎಣ್ಣೆಗೂ ಬಿಸಿಲಿಗೂ ಹಂಚುತ್ತಾನೆ, ಸೋತದ್ದನ್ನು ಮಾತ್ರ ಕೈಯ ಹೆಸರಿಗೆ ಬರೆದಿಡುತ್ತಾನೆ. ಹೀಗಿರುವಾಗ ಗೆಲುವನ್ನು ಗುಡ್ಡೆ ಹಾಕಿ ಏನು ಪ್ರಯೋಜನ? ನನ್ನ ಪಠ್ಯಪುಸ್ತಕಕ್ಕೂ ಈ ತೊಡಕು ಗೊತ್ತಿದೆ. ಆದರೆ ಗೊತ್ತಿರುವುದು ಬೇರೆ, ಅದು ನಿಮ್ಮ ಅತ್ತಿಗೆಯ ಮುಖದ ಮೇಲೆ ಕೂತಿರುವುದನ್ನು ನೋಡುವುದು ಬೇರೆ.

ಅಷ್ಟರಲ್ಲಿ ಕೂಸಿಗೆ ನೆಗಡಿಯಾಯಿತು. ಮೂಗು ಕಟ್ಟಿತು, ಮೈ ಬೆಚ್ಚಗಾಯಿತು, ಹಾಲು ಕುಡಿಯದೆ ಹಟ ಹಿಡಿಯಿತು. ಭಾನುವಾರ ಬಂದಿದ್ದ ರೂಪಾಳ ಗಂಡ ಮನೆಯ ತುಂಬ ಸೀನಿ ಹೋಗಿದ್ದನ್ನು ಎಲ್ಲರೂ ಕಂಡಿದ್ದೆವು. ಯಳಂದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಇದು ಸಾಮಾನ್ಯ ನೆಗಡಿ, ಎದೆ ಚೊಕ್ಕವಾಗಿದೆ, ಹೆದರಬೇಡಿ ಎಂದು ಡಾಕ್ಟರು ಹೇಳಿದರು. ಅತ್ತಿಗೆ ಹೆದರಿದಂತೆಯೂ ಕಾಣಲಿಲ್ಲ, ಅದೇ ನನ್ನನ್ನು ಕಲಕಿದ್ದು. ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಕೊನೆಗೂ ಬಂತೆಂಬಂತೆ ಅವಳು ಶಾಂತವಾಗಿ ಕೂಸಿನಿಂದ ದೂರ ಸರಿದಳು. ಹಾಲುಣಿಸುವ ಹೊತ್ತಿಗೆ ಮಗಳಿಗೆ ದಿಂಬನ್ನೂ ಬಾಗಿಲಲ್ಲಿ ನಿಂತು ನನ್ನ ಕೈಯಿಂದ ಕೊಡಿಸಿದಳು.

ನೆಗಡಿ ಇಳಿಯಿತು. ಇನ್ನು ಸ್ನಾನ ಮಾಡಿಸಬಹುದೆಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾದಿತ್ತು. ರೂಪಾ ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಳು. ಅವ್ವ ಒಲೆಯ ಪಕ್ಕ ಕೂತಿದ್ದಳು. ನಾನು ಅಭ್ಯಾಸದಂತೆ ಅತ್ತಿಗೆಗೆ ಮಣೆ ಹಾಕಿದೆ. ಅವಳು ಕೂರಲಿಲ್ಲ.

"ನಾನ್ ಮುಟ್ಟದಿಲ್ಲ. ಅವತ್ತೇ ಏಳ್ನಿಲ್ವಾ, ನನ್ ಕೈ ಆಗ್ಬರದಿಲ್ಲ ಅಂತ? ಉಳನೇ ಉಳಿಲಿಲ್ಲ ನನ್ ಕೈಲಿ, ಕೂಸು ಉಳಿದದಾ?"

ನನ್ನ ಎರಡು ಅಧ್ಯಾಯಗಳೂ ಮುಗಿದಿದ್ದವು. ಆಗ ಅವ್ವ, ಒಲೆಯ ಉರಿಯನ್ನೇ ನೋಡುತ್ತ, ಯಾರಿಗೋ ಹೇಳುವವಳಂತೆ ಮಾತಾಡಿದಳು.

"ಉಳ ಸತ್ತಿದ್ದು ಸೀತಕ್ಕೆ ಕಣಮ್ಮಿ. ನಿನ್ ಕೈಗಲ್ಲ. ಆ ಸಲ ಎಡೆಬಿಡ್ದೆ ಜಡಿ ಮಳೆ, ಸೊಪ್ಪೆಲ್ಲ ನೆಂದೋಗಿತ್ತು. ಬೀದಿಲಿ ಎಲ್ಲಾರ್ ಮನೆಲೂ ಸುಣ್ಣ ಕಟ್ಕತು. ನಂಗೆ ಅವತ್ತೇ ಗೊತ್ತಿತ್ತು."

ಅತ್ತಿಗೆ ಕದಲಲಿಲ್ಲ. "ಮತ್ತೆ ನನ್ ಕೈ ಅಂದ್ರಲ್ಲ ಅತ್ತೆ?"

"ನೀನು ಹೊಸ ಎಣ್ಣು. ತಟ್ಟೆ ಮುಂದೆ ಕುಂತ್ಕಂಡು, ನಾನೇ ಸರ್ಯಾಗಿ ಸೊಪ್ಪಾಕ್ಲಿಲ್ಲ, ನಾನೇ ಕೊಂದ್ಬುಟ್ಟೆ ಅಂತ ಅಳ್ತಿದ್ದೆ. ಕೂಳು ಮುಟ್ಲಿಲ್ಲ. ಸೀತ ಕಣಮ್ಮಿ ಅಂದ್ರೂ ನಂಬ್ಲಿಲ್ಲ. ತಪ್ಪು ನಿಂದಲ್ಲ, ಕೈಯ್ದು ಅಂದ್ರಾದ್ರೂ ಸಮಾಧಾನ ಆಯ್ತದೆ ಅಂದ್ಕಂಡೆ." ಅವ್ವ ಒಲೆಗೆ ಸೌದೆ ತಳ್ಳಿ, "ಆಯ್ತಲ್ಲ. ಅವತ್ತು ಉಂಡೆ ನೀನು" ಎಂದಳು.

ಆ ಮಾತನ್ನು ಇಷ್ಟು ವರ್ಷ ನಾನು ತೀರ್ಪು ಎಂದುಕೊಂಡಿದ್ದೆ, ನನ್ನ ಓದಿನ ಜಾಣತನದಲ್ಲಿ ಅವ್ವನನ್ನು ಒಳಗೊಳಗೇ ದೂರಿದ್ದೆ. ಅದು ಉಪಚಾರವಾಗಿತ್ತು. ಅಳುವ ಹುಡುಗಿಯೊಬ್ಬಳ ಎದೆಯ ಮೇಲಿಂದ ಅಪರಾಧವನ್ನು ಎತ್ತಿ, ಎಲ್ಲಿಡುವುದೆಂದು ತಿಳಿಯದೆ, ಅವಳ ಅಂಗೈಯಲ್ಲೇ ಇಟ್ಟಿದ್ದಳು ಅವ್ವ. ಕೈಗುಣವನ್ನು ನಂಬುವ ಊರಿನಲ್ಲಿ ಅದಕ್ಕಿಂತ ಮೆತ್ತಗಿನ ಜಾಗ ಅವಳಿಗೆ ಸಿಕ್ಕಿರಲಾರದು. ತರಗತಿಯಲ್ಲಿ ಪ್ರಶ್ನೆ ಕೇಳಿದ ಹನೂರಿನ ಆ ಹುಡುಗಿಗೆ ನಾನು ಇನ್ನು ಏನು ಉತ್ತರ ಹೇಳಲಿ, ಯೋಚಿಸಿ. ಪ್ರೀತಿಯಿಂದ ಆಡಿದ ಮಾತೂ ಒಬ್ಬರನ್ನು ಇದ್ದಲ್ಲೇ ನಿಲ್ಲಿಸಿಬಿಡಬಲ್ಲದು ಎಂಬುದು ಯಾವ ಅಧ್ಯಾಯದಲ್ಲಿ ಬರುತ್ತದೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಅತ್ತಿಗೆ ಅಳುತ್ತಾಳೆ, ಅತ್ತೆಯ ಕಾಲು ಹಿಡಿಯುತ್ತಾಳೆ ಎಂದುಕೊಂಡೆ. ಅವಳಿಗೆ ಸಿಟ್ಟು ಬಂತು. ಆ ಮುಖದಲ್ಲಿ ಸಿಟ್ಟನ್ನು ನಾನು ಕಂಡದ್ದು ಅದೇ ಮೊದಲು.

"ಒಂದಿನ ಉಂಡೆ ಅತ್ತೆ. ಆಮೇಕಾದ್ರೂ ಏಳ್ಬೋದಿತ್ತಲ್ಲ. ಇನ್ನೊಂದ್ ಬೆಳೆ ನನ್ ಕೈಗೆ ಕೊಟ್ಟು ನೋಡ್ಬೋದಿತ್ತಲ್ಲ."

"ನೀನು ಕೇಳ್ಲಿಲ್ಲ. ಅದ್ರಲ್ಲೇ ಸಮಾಧಾನ್ವಾಗವಳೆ ಅಂದ್ಕಂಡೆ," ಎಂದಳು ಅವ್ವ. "ಆಮೇಕೆ ಏಳಕ್ಕೆ ನಂಗೆ ಮೊಕ ಇರ್ಲಿಲ್ಲ ಕಣಮ್ಮಿ."

ಗೆದ್ದಾಗ ಹೊಗಳುವವರು ಅತ್ತಿಗೆಗೆ ಬೇಕಾಗಿರಲಿಲ್ಲವೆಂದು ನನಗೆ ಆಗ ತಿಳಿಯಿತು. ನಾನು ದಿನಾ ಹೊಗಳುತ್ತಲೇ ಇದ್ದೆನಲ್ಲ. ಸೋತ ಮರುದಿನ ಮತ್ತೆ ಅದೇ ಕೈಗೆ ಕೊಡುವವರು ಬೇಕಾಗಿದ್ದರು, ಮತ್ತು ಅವರು ಅವಳಿಗೆ ಸಿಕ್ಕಿರಲಿಲ್ಲ. ರೂಪಾಳಿಗೆ ಇದೆಲ್ಲ ಹೊಳೆಯಿತೋ ಇಲ್ಲವೋ ನಾನು ಕೇಳಲಿಲ್ಲ. ಅವಳು ಹೊಲಿಗೆಯ ನೋವಿಗೆ ಒಂದು ಕೈಯಿಂದ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಇಳಿದು ಬಂದಳು. ನನ್ನ ಕಡೆಗೆ ನೋಡಲಿಲ್ಲ. ಸುತ್ತಿದ್ದ ಬಟ್ಟೆಯ ಸಮೇತ ಕೂಸನ್ನು ತಾಯಿಯ ಮುಂದೆ ಹಿಡಿದು, "ತಕೋ ಅವ್ವ, ನೀರು ಆರೋಯ್ತದೆ" ಎಂದಳು.

ಅತ್ತಿಗೆ ಮಗಳ ಮುಖ ನೋಡಿದಳು, ಕೂಸಿನ ಮುಖ ನೋಡಿದಳು. ಆಮೇಲೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು, ಕಾಲು ಚಾಚಿದಳು. ಕೂಸನ್ನು ತೆಗೆದುಕೊಂಡು ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ಸವರಿದಳು. ಅವ್ವ ಮೆಲ್ಲಗೆ ಎದ್ದು, ಕಟ್ಟಿಲ್ಲದ ಕೈಯಲ್ಲಿ ಚೊಂಬು ಹಿಡಿದು, ಹಂಡೆಯಿಂದ ಬಕೆಟ್ಟಿಗೆ ನೀರು ತೋಡಿ ಸೊಸೆಯ ಪಕ್ಕ ತಂದಿಟ್ಟಳು. ಅತ್ತಿಗೆ ಮೊಣಕೈ ಅದ್ದಿ ನೋಡಿದಳು.

"ಬಿಸಿ ಜಾಸ್ತಿ ಅದೆ ಅತ್ತೆ. ತಣ್ಣೀರ್ ಬೆರ್ಸಿ."

ಕೂಸಿನ ನೀರಿನ ಹದದಲ್ಲಿ ನಮ್ಮ ಅವ್ವನನ್ನು ತಿದ್ದಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವ್ವ ಒಂದು ಚೊಂಬು ತಣ್ಣೀರು ಬೆರೆಸಿದಳು.

"ಇನ್ನೊಸಿ ಬೆರ್ಸಿ" ಎಂದಳು ಅತ್ತಿಗೆ.